ಮಾತಾಡದ ದೆವ್ವ

ದೆವ್ವ ಕಿಟಕಿಯಿಂದ ದೊಪ್ಪನೆ ರಂಗಕ್ಕೆ ಧುಮುಕಿತು. ಶಿವಮೂರ್ತಪ್ಪನವರು ಕುರ್ಚಿಯ ತುದಿಗೆ ಸರಿದರು. ಇದು ಹೈಸ್ಕೂಲು ಹುಡುಗನ ಮೈಕಟ್ಟೇ? ತಲೆಯಿಂದ ಪಾದದವರೆಗೆ ಬಿಳಿ ಬೆಡ್‌ಶೀಟು, ಕಣ್ಣಿಗೆ ಎರಡು ತೂತು. ಒಳಗೆ ಯಾರು ಬೇಕಾದರೂ ಇರಬಹುದು.

ಅನುಮಾನಕ್ಕೆ ಕಾರಣವಿತ್ತು. ಕಳೆದ ವರ್ಷ, ೧೯೭೮ರಲ್ಲಿ, ಹೈಸ್ಕೂಲುಗಳ ನಡುವಿನ ಇದೇ ನಾಟಕ ಸ್ಪರ್ಧೆಯಲ್ಲಿ ಅವರು ಬಹುಮಾನ ಕೊಟ್ಟ ‘ಹುಡುಗ’ ಕಂಪನಿ ನಾಟಕದ ಹಾಸ್ಯನಟ, ಎರಡು ಮಕ್ಕಳ ತಂದೆ ಎಂದು ಆಮೇಲೆ ಬಯಲಾಗಿತ್ತು. ಹರಿಹರದ ಹೋಟೆಲಿನಲ್ಲಿ ಜನ ಈಗಲೂ, “ಏನ್ರಿ ಜಡ್ಜ್ ಸಾಹೇಬ್ರೆ, ಈ ಸಲ ಯಾರ ಅಪ್ಪಗೆ ಪ್ರೈಜು?” ಎಂದು ಕೇಳುತ್ತಾರೆ. ಪಾಪ, ನಿವೃತ್ತ ಕನ್ನಡ ಪಂಡಿತರು ಹೊರಗೆ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದರು. ಈ ಸಲವೂ ಮೋಸಹೋದರೆ ಊರಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ. ನಿಯಮವೇನೋ ಖಡಕ್ಕಾಗಿತ್ತು: ಪಾತ್ರಧಾರಿಗಳೆಲ್ಲ ಆಯಾ ಶಾಲೆಯ ವಿದ್ಯಾರ್ಥಿಗಳೇ ಆಗಿರಬೇಕು. ತಪ್ಪಿದರೆ ಶಾಲೆ ಸ್ಪರ್ಧೆಯಿಂದ ಹೊರಗೆ.

“ಹೆಡ್ಮಾಸ್ಟ್ರೇ, ಆ ದೆವ್ವ ಯಾರ್ರಿ?” ಅವರು ಪಕ್ಕದಲ್ಲಿ ಕೂತಿದ್ದ ಕರಿ ಕೋಟಿನವರ ಕಡೆ ಬಾಗಿದರು.

ಕೋಟಿನವರು ಬೆಚ್ಚಿದರು. ಬೆಳಿಗ್ಗೆಯಿಂದ ಅವರದು ಇದೇ ಪಾಡು. ತೀರ್ಪುಗಾರರೇ ಒಂದೊಂದು ಶಾಲೆಗೂ ಹೋಗಿ ನೋಡುವ ಈ ಸ್ಪರ್ಧೆಯ ಕೊನೆಯ ನಾಟಕ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಈ ಶಾಲೆಯದು. ಶಿವಮೂರ್ತಪ್ಪ ಇಲ್ಲಿಗೆ ಬಂದದ್ದು ಇದೇ ಮೊದಲು. ಬಾಗಿಲಲ್ಲಿ ಕರಿ ಕೋಟು ಕಂಡು, “ಹೆಡ್ಮಾಸ್ಟ್ರು ತಾನೆ?” ಎಂದು ತಾವೇ ಕೈಮುಗಿದಿದ್ದರು. ಆ ಮನುಷ್ಯ ಬಾಯಿ ತೆರೆದು, ರಂಗದ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿ, “ಬರ್ರಿ ಸಾರ್, ಕೂಡ್ರಿ,” ಎಂದಿದ್ದರು. ಕುರ್ಚಿಯನ್ನು ತಾವೇ ಒರೆಸಿದರು. ನೀರು ತಾವೇ ತಂದರು. ಇಂಥ ವಿನಯದ ಹೆಡ್ಮಾಸ್ಟರನ್ನು ಶಿವಮೂರ್ತಪ್ಪ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕೋಟು ಮಾತ್ರ ಭುಜದಿಂದ ಜಾರುತ್ತಿತ್ತು, ತೋಳು ಬೆರಳ ತುದಿಗೆ ಬಂದಿತ್ತು. ಮಕ್ಕಳ ಚಿಂತೆಯಲ್ಲಿ ಸೊರಗಿರಬೇಕು.

“ದೆವ್ವದ ಪಾರ್ಟು ಹದಡಿ ಕಡೆ ಹುಡುಗ ಹಿದಾಯತಂದಿತ್ರಿ,” ಎಂದರು ಕೋಟಿನವರು. “ಅವಂಗೆ ನಿನ್ನೆ ಮಂಗನಬಾವು ಬಂತು. ನಾಟಕಾನೇ ಬ್ಯಾಡ ಅಂತ ಆಗಿತ್ತು.”

“ಮತ್ತೆ ಇದ್ಯಾರು? ಕಂಪನಿಯವ್ರನ್ನ ಕರ್ಕೊಂಡು ಬಂದೀರೇನು?”

“ಅಯ್ಯೋ, ಹೊರಗಿಂದಲ್ರಿ! ಈ ಸ್ಕೂಲಿಂದೇ. ಬೆಲ್ಲಿಗಿಂತ ಮುಂಚೇನೇ ಹಾಜರ್. ವರ್ಷದಾಗ ಒಂದಿನ ರಜಾ ಇಲ್ಲ.”

“ಸುಳ್ಳಾದ್ರೆ?”

“ನನ್ನ ಕೆಲಸ ತೆಗೀರಿ ಸಾರ್.”

ಹೆಡ್ಮಾಸ್ಟರು ಕೆಲಸವನ್ನೇ ಪಣಕ್ಕಿಟ್ಟ ಮೇಲೆ ಇನ್ನೇನು ಕೇಳುವುದು? ಆದರೂ ಸಮಾಧಾನವಿಲ್ಲ. ಹಿಂದಿನ ಸಾಲಿನ ಹುಡುಗರು ಬೇರೆ ಸಿಳ್ಳೆ ಹೊಡೆಯುತ್ತಿದ್ದರು. ಕೋಟಿನವರು ತಿರುಗಿ, “ಸುಮ್ಕಿರ್ರೋ,” ಎಂದರು. ಸಿಳ್ಳೆ ಇನ್ನೂ ಜೋರಾಯಿತು. ಇದೆಂಥ ಹೆಡ್ಮಾಸ್ತರಿಕೆಯಪ್ಪ ಎಂದು ಶಿವಮೂರ್ತಪ್ಪ ಹುಬ್ಬು ಗಂಟಿಕ್ಕಿದರು.

ನಾಟಕ ಸಣ್ಣದು. ಎಂದೋ ಎಸ್ಸೆಸ್ಸೆಲ್ಸಿ ಫೇಲಾದ ದೆವ್ವ ಕೊನೆಯ ಬೆಂಚಿಗೆ ಬಂದು ಕೂರುತ್ತದೆ. ಮಾತಿಲ್ಲ, ಕತೆಯಿಲ್ಲ. ಹತ್ತನೇ ಕ್ಲಾಸಿನ ಹುಡುಗರು ಅದನ್ನು ಓಡಿಸಬೇಕು. ಡಸ್ಟರು ಹಾರಿದವು, ಬೆಂಚು ಉರುಳಿದವು, ಸೀಮೆಸುಣ್ಣದ ಪುಡಿ ಮುಂದಿನ ಸಾಲಿಗೂ ಬಂತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡಿದರು.

ದೆವ್ವದ ಮುಂದೆ ಮಾತ್ರ ಎಲ್ಲರ ಆಟ ನಿಂತಿತು. ನಾಯಕ ಕರಿಬಸವರಾಜ ಎತ್ತಿದ ಪೊರಕೆ ಗಾಳಿಯಲ್ಲೇ ಉಳಿಯಿತು. ದೆವ್ವವೇ ‘ಹೊಡಿ’ ಎಂಬಂತೆ ತಲೆಯಾಡಿಸಿತು. ಹುಡುಗ ಕಣ್ಣು ಮುಚ್ಚಿ, ದೇವರ ಪಟದ ಧೂಳು ಒರೆಸುವಂತೆ ಪೊರಕೆ ಸೋಕಿಸಿದ. ಗಡಿಬಿಡಿಯಲ್ಲಿ ಅವನ ಕಾಲು ದೆವ್ವಕ್ಕೆ ತಗುಲಿತು. ಮರುಗಳಿಗೆಯೇ ಬಗ್ಗಿ ದೆವ್ವವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಸಭಾಂಗಣ ನಗೆಯಲ್ಲಿ ಮುಳುಗಿತು.

ಶಿವಮೂರ್ತಪ್ಪನವರ ಮೈ ಜುಮ್ಮೆಂದಿತು. ಎಷ್ಟು ದೆವ್ವದ ನಾಟಕ ನೋಡಿಲ್ಲ ಅವರು! ಬಾಯಿ ಕಿರುಚುತ್ತದೆ, ಕಣ್ಣು ನಗುತ್ತಿರುತ್ತದೆ. ಇಲ್ಲಿ ಹುಡುಗರ ಕಣ್ಣಲ್ಲೂ ಭಯ, ಹಣೆಯಲ್ಲಿ ನಿಜವಾದ ಬೆವರು. ಬಾಡಿಗೆಗೆ ಬಂದ ನಟನಿಗೆ ಯಾವ ಹುಡುಗ ಹೀಗೆ ಹೆದರುತ್ತಾನೆ?

“ಕಲಿಸಿದ್ದು ನೀವೇನಾ?”

“ನಾನೇನು ಕಲಿಸ್ಲಿ ಸಾರ್. ಎಲ್ಲಾರ್ಗೂ ದೆವ್ವಾನೇ ಹೇಳಿಕೊಡ್ತು.”

ಶಿವಮೂರ್ತಪ್ಪ ಮನಸಾರೆ ನಕ್ಕರು. ವರ್ಷದ ಮೇಲೆ ಬಂದ ನಗು ಅದು.

ತೆರೆ ಬಿದ್ದಿತು, ಮತ್ತೆ ಎದ್ದಿತು. ಮುಸುಕಿನ ದೆವ್ವ ಹುಡುಗರ ಜೊತೆ ಸಾಲಿನಲ್ಲಿ ನಿಂತಿತ್ತು. ಪಾರಿತೋಷಕ ಕಂಕುಳಲ್ಲಿಟ್ಟುಕೊಂಡು ಶಿವಮೂರ್ತಪ್ಪ ಮೈಕಿನ ಮುಂದೆ ಎದೆಯುಬ್ಬಿಸಿದರು.

“ಹೋದ ಸಲ ನನಗೆ ಮೋಸ ಆಯಿತು. ಈ ಸಲ ಯಾರಿಂದಲೂ ಆಗಿಲ್ಲ! ಹೆಡ್ಮಾಸ್ಟರೇ ಪಕ್ಕದಲ್ಲಿ ಕೂತು ಮಾತು ಕೊಟ್ಟಿದ್ದಾರೆ. ಮೊದಲ ಬಹುಮಾನ ಈ ಶಾಲೆಗೆ. ಹೆಡ್ಮಾಸ್ಟ್ರೇ, ಮೇಲೆ ಬರ್ರಿ!”

ಅವರು ಕೈ ಮಾಡಿದ್ದು ಕೋಟಿನವರಿಗೆ. ಸಭಾಂಗಣದಲ್ಲಿ ಭೋರೆಂದು ನಗೆ, ಸಿಳ್ಳೆ, ಬೆಂಚು ಬಡಿತ. ಶಿವಮೂರ್ತಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಕೋಟಿನವರು ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ನಿಂತರು. ಗದ್ದಲ ಏರುತ್ತಲೇ ಹೋಯಿತು. ಬೆಡ್‌ಶೀಟಿನೊಳಗೆ ದೆವ್ವ ಚಡಪಡಿಸಿತು, ತಡೆದುಕೊಂಡಿತು, ಮತ್ತೆ ಚಡಪಡಿಸಿತು.

“ಸೈಲೆನ್ಸ್!”

ನಾಟಕದುದ್ದಕ್ಕೂ ತುಟಿ ಬಿಚ್ಚದ ದೆವ್ವ ಗುಡುಗಿತ್ತು. ಬೆಂಚಿನ ಮೇಲಿನ ಕೈಗಳು ಅಲ್ಲೇ ನಿಂತವು. ಕರಿಬಸವರಾಜನ ಪೊರಕೆ ಕೆಳಗೆ ಬಿತ್ತು. ಶಿವಮೂರ್ತಪ್ಪನವರೂ ತಮಗರಿವಿಲ್ಲದೆ ನೆಟ್ಟಗೆ ನಿಂತರು.

ಜವಾನ ಮಕ್ತುಮ್ ಸಾಬ್ ಗಡಬಡಿಸಿ ಮೆಟ್ಟಿಲು ಹತ್ತಿ, ಮೈಮೇಲಿದ್ದ ಕೋಟು ಬಿಚ್ಚಿ ದೆವ್ವದ ಮುಂದೆ ಹಿಡಿದು, “ತಗೊಳ್ರಿ ಹೆಡ್ಮಾಸ್ಟ್ರೇ, ನಿಮ್ಮ ಕೋಟು,” ಎಂದರು.