ಬಂಡೆಸಂದಿಯ ಬೆಂಕಿಪೊಟ್ಟಣ

ಬಸವಕುಮಾರ ಬಂಡೆಸಂದಿಯಲ್ಲಿ ಹೆಗಲತನಕ ಕೈ ತೂರಿಸಿ ತಡಕಾಡುತ್ತಿದ್ದ. ಅವನ ಬೆನ್ನ ಹಿಂದೆ ಹೆಂಡತಿ ಶಿವಲೀಲಾ, ಮೂರು ಬಸಿರು ನಿಲ್ಲದೆ ಹೋದ ಮೇಲೆ ಉಳಿದ ಕೂಸನ್ನು ಅವಚಿಕೊಂಡು ನಿಂತಿದ್ದಳು. ಕೂಸಿನ ಒಣಗಿದ ಹೊಕ್ಕಳಬಳ್ಳಿಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಬೆಳ್ಳಿ ತಾಯಿತದಲ್ಲಿ ತುಂಬಿಸಿ ತರಲೆಂದು ಗಂಡನನ್ನು ಗಂಗಾವತಿಯ ಅಕ್ಕಸಾಲಿ ಪತ್ತಾರನ ಬಳಿ ಕಳಿಸಿದ್ದಳು. ಗಂಡ ಹಾದಿಯಲ್ಲಿ ಜಿಯೋಕ್ಯಾಚಿಂಗ್ ಆಡಿದ್ದ: ಯಾರೋ ಬಚ್ಚಿಟ್ಟ ಡಬ್ಬಿಯನ್ನು ಮೊಬೈಲಿನ ಗುರುತು ಹಿಡಿದು ಹುಡುಕಿ, ಒಳಗಿನದೊಂದು ತೆಗೆದುಕೊಂಡು ತನ್ನದೊಂದು ಇಡುವ ಆಟ. ಆಟಕ್ಕೆಂದು ಅಂಥದೇ ಬೆಂಕಿಪೊಟ್ಟಣದಲ್ಲಿ ಒಯ್ದಿದ್ದ ಗುಲಗಂಜಿ ಇಡಲು ಹೋಗಿ ಕೂಸಿನ ಪೊಟ್ಟಣ ಇಟ್ಟಿದ್ದ. “ಬಂಗಾರ ತೂಗೋ ಗುಲಗಂಜಿ ನಮ್ಮ ಹತ್ರನೂ ಅದಾವ್ರಿ” ಎಂದು ಪತ್ತಾರ ಪೊಟ್ಟಣ ತೆರೆದು ನಕ್ಕಾಗಲೇ ಅವನಿಗೆ ಗೊತ್ತಾದದ್ದು.

“‘ಛಲೋ ಗಾಳಿ ಸಿಗತೈತಿ, ಬಿಪಿ ಇಳೀತೈತಿ, ಹೊಸ ಮಂದಿ ಪರಿಚಯ ಆಗ್ತಾರ!’” ಆಟವನ್ನು ಹೊಗಳುವ ಗಂಡನ ದನಿಯಲ್ಲೇ ಶಿವಲೀಲಾ ಅಣಕಿಸಿದಳು, ಕೊನೆಗೆ ದನಿ ಒಡೆದು ಅವಳದೇ ಆಯಿತು. “ನನ್ನ ಕೂಸಿಂದು ಎಲ್ಲೈತ್ರಿ?”

“ಸಿಕ್ತು, ಸಿಕ್ತು!”

ಡಬ್ಬಿ ತೆರೆದರೆ ಪೆನ್ನು, ಕೀಚೈನು, ಗೋಲಿ. ಬೆಂಕಿಪೊಟ್ಟಣವಿಲ್ಲ. ಶಿವಲೀಲಾ ಡಬ್ಬಿ ಕಸಿದು ಸೆರಗಿಗೆ ಬೋರಲು ಸುರಿದಳು. ತಳದಿಂದ ಅರಿಶಿಣದ ದಾರ ಸುತ್ತಿದ ಬಟ್ಟೆಗಂಟೊಂದು ಬಿತ್ತು. ಬಿಚ್ಚಿದಳು: ಅದೇ ಪೊಟ್ಟಣ. ಹೊಕ್ಕಳಬಳ್ಳಿ ಹಾಗೇ ಇತ್ತು. ಪಕ್ಕದಲ್ಲಿ, ಕೂಸಿಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಬಜೆಬೇರಿನ ತುಂಡು.

“ಇದನ್ನ ನಾ ಇಟ್ಟಿಲ್ಲ,” ಬಸವಕುಮಾರ ತೊದಲಿದ. “ಯಾರೋ ಏನೋ…”

ಶಿವಲೀಲಾ ಬೇರನ್ನು ಮೂಸಿ, ಕಣ್ಣಿಗೊತ್ತಿಕೊಂಡಳು.

“ಯಾರೋ ಹಡದಾಕಿ ಬಂದು ಹೋಗ್ಯಾಳ.”