ಕತ್ತರಿಸಿದ ಬೇಲಿಯ ವಾಸನೆ

ಅಮೆರಿಕದ ರಾಲಿಯಲ್ಲಿರುವ ನನ್ನ ಅಪಾರ್ಟ್‌ಮೆಂಟಿನ ಮುಂದೆ ಬೇಲಿಗಿಡ ಕತ್ತರಿಸಿದಾಗಲೆಲ್ಲ ನಾನು ಕಿಟಕಿ ಮುಚ್ಚುತ್ತೇನೆ.

ಫ್ರಾನ್ಸಿನ ಆ ಅರಮನೆ ತೋಟದಲ್ಲೂ ಇದೇ ಕಹಿ ಹಸಿರು ವಾಸನೆಯಿತ್ತು. ಚಿಕ್ಕಂದಿನಲ್ಲಿ, ರಾಲಿಗೆ ಹತ್ತಿರದ ಏಪೆಕ್ಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯವಳಾಗಿದ್ದ ಅನುಷಾಳ ಕುಟುಂಬದ ಜೊತೆ ನಾವು ಹೋಗಿದ್ದ ರಜೆಯ ಕೊನೆಯ ದಿನ ಅದು. ಅಳತೆ ಹಿಡಿದು ಕತ್ತರಿಸಿದ ಬೇಲಿಗಳು ನಮ್ಮಿಬ್ಬರ ತಲೆಗಿಂತ ಎತ್ತರವಾಗಿದ್ದವು. ಜಲ್ಲಿ ದಾರಿಯಲ್ಲಿ ಓಡಿ ಸುಸ್ತಾಗಿ ಕಾರಂಜಿಯ ಹತ್ತಿರ ಬಂದಾಗ ಅವಳಮ್ಮ, ಅಂದರೆ ಆಂಟಿ, ಚಪಾತಿಗೆ ಚಟ್ನಿಪುಡಿ ಸವರಿ ಸುತ್ತುತ್ತಿದ್ದರು. ಅವಳಪ್ಪ, ಅಂಕಲ್, ಫೋನಿನಲ್ಲಿ ಮರುದಿನದ ಫ್ಲೈಟಿಗೆ ಚೆಕ್-ಇನ್ ಮಾಡುತ್ತಿದ್ದರು.

"ವೀಸಾ ಡೇಟ್ ತಗೊಳ್ತಾನೇ ಇಲ್ಲ," ಎಂದರು.

ನಮ್ಮಪ್ಪ ಅಂಕಲ್‌ನ ಪಾಸ್‌ಪೋರ್ಟ್ ಬಿಡಿಸಿ ನೋಡಿದರು. "ಈ ವೀಸಾ ಎಕ್ಸ್‌ಪೈರ್ ಆಗಿದೆಯಲ್ರೀ! ಇಂಡಿಯಾಗೆ ಹೋಗಿ ಕಾನ್ಸುಲೇಟಲ್ಲಿ ಹೊಸ ವೀಸಾ ಸ್ಟಾಂಪಿಂಗ್ ಆಗದೆ ಅಮೆರಿಕಕ್ಕೆ ವಾಪಸ್ ಬಿಡಲ್ಲ."

"ಕೆಲಸದ ಎಕ್ಸ್‌ಟೆನ್ಷನ್ ಅಪ್ರೂವ್ ಆಗಿತ್ತಲ್ಲ, ಅಷ್ಟು ಸಾಕು ಅಂದ್ಕೊಂಡಿದ್ದೆ."

ಆಂಟಿಯ ಕೈಯಲ್ಲಿದ್ದ ಚಪಾತಿ ಅರ್ಧಕ್ಕೇ ನಿಂತಿತು. "ಏನಿಲ್ಲ ಮಕ್ಳೇ, ಹೋಗಿ ಆಡ್ಕೊಳ್ಳಿ," ಎಂದರು.

ನಾವು ಸಂಜೆಯವರೆಗೂ ಆಡಿದೆವು. "ಕಮ್ ಫೈಂಡ್ ಮಿ!" ಎಂದು ಅನುಷಾ ಬೇಲಿಯಾಚೆಯಿಂದ ಕೂಗುತ್ತಲೇ ಇದ್ದಳು.

ಮರುದಿನ ಅನುಷಾಳ ಮನೆಯವರು ಸ್ಟಾಂಪಿಂಗಿಗೆಂದು ಅಲ್ಲಿಂದಲೇ ತಮ್ಮೂರು ಮೈಸೂರಿಗೆ ಹೋದರು.

ಏಪೆಕ್ಸ್‌ಗೆ ಬಂದ ಮೇಲೆ ಅಮ್ಮ ಅವರ ಮನೆಯ ಫ್ರಿಜ್ ಖಾಲಿ ಮಾಡಿದಳು. ಆಂಟಿ ಬಿಟ್ಟುಹೋಗಿದ್ದ ಹೆಪ್ಪನ್ನು ಮಾತ್ರ, "ಬಂದ ತಕ್ಷಣ ಬೇಕಾಗತ್ತೆ," ಎಂದು ನಮ್ಮ ಮನೆಗೆ ತಂದಳು. ಪ್ರತಿ ವಾರ ಅದರಿಂದ ಮೊಸರು ಮಾಡಿ, ಅವರಿಗೆಂದು ಒಂದು ಪುಟ್ಟ ಬಟ್ಟಲು ಎತ್ತಿಡುತ್ತಿದ್ದಳು.

ಚಳಿಗಾಲದಲ್ಲಿ ಒಮ್ಮೆ ಆಂಟಿಯ ಫೋನ್ ಬಂತು. ಸ್ಟಾಂಪಿಂಗಿಗೆ ಡೇಟ್ ಸಿಗುವ ಮೊದಲೇ ಅಂಕಲ್‌ನ ಕೆಲಸ ಹೋಗಿತ್ತು; ಅವರ ವೀಸಾ ನಿಂತಿದ್ದೇ ಆ ಕೆಲಸದ ಮೇಲೆ.

ಅಂದು ಊಟಕ್ಕೆ ಅಮ್ಮ ಅವರ ಬಟ್ಟಲಿನ ಮೊಸರನ್ನೂ ನಮ್ಮ ತಟ್ಟೆಗಳಿಗೇ ಬಡಿಸಿಬಿಟ್ಟಳು.