ಕಲ್ಮನೆಯ ಚಪ್ಪಡಿ

“ನನ್ ಮಗನ ಮ್ಯಾಲೆ ಇನ್ನೊಂದು ಕಲ್ಲು ಬೇಡ” ಎಂದು ಅಕ್ಕಯ್ಯಮ್ಮ ಕಲ್ಮನೆಯ ತೂತಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಗಂಡ ಅಶ್ವತ್ಥಪ್ಪ ಎದುರಿಗೆ ಹಾರೆ ಹಿಡಿದು ನಿಂತಿದ್ದ. ಎತ್ತು, ಹಗ್ಗ ಎಲ್ಲ ಕಲ್ಲುಗುಡ್ಡದ ಬುಡದಲ್ಲಿ ಕಾಯುತ್ತಿದ್ದವು. ಮಗ ಶ್ರೀರಾಮಪ್ಪ ಚಿನ್ನದ ಗಣಿಯೊಳಗೆ ಬಂಡೆ ಕುಸಿದು ಸತ್ತು, ಬರುವ ಸೋಮವಾರಕ್ಕೆ ಒಂದು ವರ್ಷ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಎರಡು ಮಳೆಗೆ ಗುಡ್ಡೆ ಅರ್ಧ ಕರಗಿತ್ತು. ತಿಥಿಯೊಳಗೆ ಅದರ ಮೇಲೊಂದು ಚಪ್ಪಡಿ ಹೊದಿಸಬೇಕು ಎಂಬುದು ಅಪ್ಪನ ಹಟ. ಅಷ್ಟಗಲದ ಚಪ್ಪಡಿ ಬೂದಿಕೋಟೆಯ ಸುತ್ತ ಇದ್ದದ್ದು ಈ ಕಲ್ಮನೆಯ ಮೇಲೊಂದೇ. ನಾಲ್ಕು ನಿಲುವುಗಲ್ಲು, ಅವುಗಳ ಮೇಲೆ ಈ ಚಪ್ಪಡಿ, ಮೂಡಲ ಕಲ್ಲಿನಲ್ಲಿ ಮೊಳದಗಲದ ಒಂದು ಗುಂಡು ತೂತು. ಮನೆ ಎಂದರೆ ಇಷ್ಟೇ.

“ಪಾಂಡವರು ಕಟ್ಟಿದ್ದು ಕಣೇ. ವನವಾಸ ಮುಗೀತು, ಹೊರಟೋದ್ರು. ಅವರಿಗಿನ್ನೇನಕ್ಕೆ ಬೇಕು?”

“ಭೀಮಸೇನ ಈ ತೂತಲ್ಲಿ ತೂರ್ತಿದ್ನಾ? ನೀನೇ ತೂರಲ್ಲ. ಇದು ಮೋರೇರ ಮನೆ. ಗೇಣುದ್ದ ಮನುಸ್ರು ಅವರು. ನಮ್ಮಜ್ಜಿ ಯೋಳ್ತಿದ್ಲು.”

“ಗೇಣುದ್ದದೋರು ಈ ಚಪ್ಪಡಿ ಎತ್ತಿದ್ರಾ? ಇಸ್ಕೂಲ್ ಮೇಷ್ಟ್ರು ಇದು ಸಮಾಧಿ ಅಂತಾರೆ.”

“ಯಾರದ್ದಂತೆ?”

“ಅದು ಯಾರಿಗೂ ಗೊತ್ತಿಲ್ಲವಂತೆ.”

“ಗೊತ್ತಿಲ್ದೋರ ಸೂರು ಕಿತ್ತು ನನ್ ಮಗನಿಗೆ ಹೊದಿಸ್ತೀಯಾ? ನಾಚ್ಕೆ ಆಗಲ್ವಾ?”

ಪೆರುಮಾಳ್ ಇದನ್ನೆಲ್ಲ ಕೇಳುತ್ತ ಪಕ್ಕದಲ್ಲಿ ನಿಂತಿದ್ದ. ಶ್ರೀರಾಮಪ್ಪನ ಜೊತೆಗಾರ. ಗಣಿಯಲ್ಲಿ ತಲೆಯ ಮೇಲಿನ ಬಂಡೆಗೆ ಮರದ ಆಸರೆ ಕಟ್ಟುವುದು ಅವನ ಕೆಲಸ. ಕಲ್ಲು ಇಳಿಸುವ ಉಪಾಯ ಗೊತ್ತಿರುವವನು ಎಂದು ಅಶ್ವತ್ಥಪ್ಪನೇ ಹೇಳಿ ಕಳಿಸಿದ್ದಕ್ಕೆ ಗಣಿಯೂರು ರಾಬರ್ಟ್‌ಸನ್‌ಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಮಣ್ಣು ಮಾಡಿದ ದಿನ ಬಂದವನು, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಬಂದಾಗಿನಿಂದ ಅಕ್ಕಯ್ಯಮ್ಮನ ಮುಖ ನೋಡಿರಲೂ ಇಲ್ಲ.

ಅವನು ಹಾರೆ ಇಸಿದುಕೊಂಡು ಅದರ ತುದಿಯಿಂದ ಚಪ್ಪಡಿಯನ್ನು ಬಡಿದ. ಕಿವಿಗೊಟ್ಟ. ಎರಡು ಹೆಜ್ಜೆ ಸರಿದು ಮತ್ತೆ ಬಡಿದ.

“ಬಾಗಿಲು ತಟ್ಟುತೀಯೇನ್ಲಾ? ಒಳಗೆ ಯಾರವ್ರೆ?” ಎಂದ ಅಶ್ವತ್ಥಪ್ಪ.

“ಗಣಿ ಕೆಳಗೆ ನಾವು ಮೊದಲು ಕಲ್ಲನ್ನ ಕೇಳ್ತೀವಿ ಅಪ್ಪಾ. ಸಡಿಲ ಇದ್ರೆ ಒಡಕು ಮಡಕೆ ಥರ ಸದ್ದು ಬತ್ತದೆ. ಇದು ಗಂಟೆ ಥರ ಅದೆ.” ಪೆರುಮಾಳ್ ಹಾರೆ ವಾಪಸು ಕೊಟ್ಟ. ಅಂಗಿ ಬಿಚ್ಚಿ, ಒಂದು ಗುಂಡುಕಲ್ಲು ಹೆಕ್ಕಿಕೊಂಡ. “ಒಂಚೂರು ಸರೀರಿ ಅಮ್ಮಾ. ಒಳಗೂ ಕೇಳ್ಬೇಕು.”

ಅವನ ಕೈಯಲ್ಲಿ ಹಾರೆ ಇಲ್ಲದ್ದು ನೋಡಿ ಅಕ್ಕಯ್ಯಮ್ಮ ಸರಿದಳು. ಪೆರುಮಾಳ್ ಬಡಕಲು ಆಳು. ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಇನ್ನೊಂದು ಹೆಗಲು ತೂರಿಸಿ ಒಳಗೆ ಹೋಗಿಬಿಟ್ಟ. ಟಕ್, ಟಕ್ ಎಂದು ನಾಲ್ಕೂ ಮೂಲೆಯಲ್ಲಿ ಸದ್ದಾಯಿತು. ಆಮೇಲೆ ಅವನ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು.

“ಅಪ್ಪಾ, ಇದನ್ನ ಕಟ್ಟಿದೋನು ಯಾರೋ ನಂಗೆ ಗೊತ್ತಿಲ್ಲ. ಆದ್ರೆ ನನ್ ಕೆಲಸದೋನು.”

“ಅದೆಂಗ್ಲಾ?”

“ನಾಲ್ಕು ಕಲ್ಲೂ ಒಂದು ಇನ್ನೊಂದಕ್ಕೆ ಹೆಗಲು ಕೊಟ್ಟು ನಿಂತವೆ. ನಾವು ಹೊರಗಿಂದ ನೋಡಿ ವಾಲಿದೆ ಅಂದ್ಕೊಂಡ್ವಿ. ವಾಲಿಲ್ಲ. ಒಂದು ಒಳಕ್ಕೆ ಬಾಗಿದ್ರೆ ಪಕ್ಕದ್ದು ತಡೀತದೆ. ಒಳಗೆ ಮಲಗಿರೋರ ಮೇಲೆ ಕಲ್ಲು ಬೀಳಬಾರದು ಅಂತ ಕಟ್ಟವ್ನೆ.”

“ಸತ್ತೋರ ಮ್ಯಾಲೆ ಬಿದ್ರೇನು, ಬಿಟ್ರೇನು?”

“ಅದೇ ಅಪ್ಪಾ. ಸತ್ತೋರಿಗೂ ಇಷ್ಟು ಮಾಡವ್ನೆ.”

ಮುಖ ಕಾಣದ ಕತ್ತಲಲ್ಲಿ ಪೆರುಮಾಳ್‌ಗೆ ಬಾಯಿ ಬಂತು.

“ಅವತ್ತು ಶ್ರೀರಾಮನ ತಲೆ ಮೇಲೆ ಮರ ಕಟ್ಟಿದ್ದು ನಾನೇ ಅಮ್ಮಾ. ಬಡಿದು ನೋಡೇ ಕಟ್ಟಿದ್ದೆ. ಗಂಟೆ ಥರಾನೇ ಕೇಳ್ತು. ಆದ್ರೆ ಭೂಮಿನೇ ಅದುರಿದಾಗ ನನ್ ಮರ ನಿಲ್ಲಲಿಲ್ಲ. ನಿಮ್ಮ ಮುಂದೆ ನಿಂತು ಯೋಳೋಕೆ ಒಂದು ವರ್ಷದಿಂದ ಆಗಲಿಲ್ಲ.”

ಅಶ್ವತ್ಥಪ್ಪ ಹಾರೆಯನ್ನು ಸದ್ದಾಗದ ಹಾಗೆ ಹುಲ್ಲಿನ ಮೇಲೆ ಮಲಗಿಸಿದ. ಟವಲಿನಿಂದ ಮುಖ ಒರೆಸಿಕೊಂಡ. ಮೂಗನ್ನೂ ಒರೆಸಿಕೊಂಡು, ಯಾರನ್ನೋ ಬೈಯುವವನ ಹಾಗೆ ಒರಟಾಗಿ ಕೇಳಿದ: “ಲೇ, ಸಣ್ಣ ಚಪ್ಪಡಿ ನಾಕು ಹೊಂದಿಸಿಕೊಟ್ರೆ ನಮ್ ಹುಡುಗನ ಸುತ್ತ ಇಂಗೇ ನಿಲ್ಲಿಸ್ತೀಯಾ? ಹೆಗಲು ಕೊಟ್ಟು?”

“ನಿಲ್ಲಿಸ್ತೀನಿ ಅಪ್ಪಾ.”

“ಮ್ಯಾಲೆ ಏನೂ ಬೇಡ. ಅವಳು ಒಪ್ಪಲ್ಲ.”

ಹೊರಬರಲೆಂದು ಪೆರುಮಾಳ್ ತೂತಿನಿಂದ ಒಂದು ಕೈ ಚಾಚಿದ. ಅಂಗೈ ತುಂಬ ಗಣಿಯ ಗಂಟುಗಳು, ಉಗುರಲ್ಲಿ ಕಲ್ಲಿನ ಪುಡಿ. ಅಕ್ಕಯ್ಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಡಿದುಕೊಂಡಳು, ಎಳೆಯಲಿಲ್ಲ.

“ಇನ್ನೊಂದು ಗಳಿಗೆ ಅಲ್ಲೇ ಇರಪ್ಪಾ” ಎಂದಳು. “ಕಲ್ಲೊಳಗಿಂದ ಅಮ್ಮಾ ಅಂದ್ಯಲ್ಲ, ಇನ್ನೊಂದು ಸಲ ಅನ್ನು.”